ಬಂಟು ಶಿಕ್ಷಣ: ದಕ್ಷಿಣ ಆಫ್ರಿಕದ ವರ್ಣಪ್ರತ್ಯೇಕ ಶಾಲಾನೀತಿಯ ಒಂದು ಸಮೀಕ್ಷೆ

೧

ರಾಜ್ಯವೊಂದು ತನ್ನ ಪ್ರಜೆಗಳಲ್ಲಿ ಒಂದು ವರ್ಗವನ್ನು ಕೆಳಗಿನ ಮೆಟ್ಟಿಲಲ್ಲಿಯೇ ನಿಲ್ಲಿಸಬೇಕೆಂದು ಬಯಸಿದಾಗ ಆ ವರ್ಗದ ಮಕ್ಕಳಿಗೆ ವಿದ್ಯೆಯನ್ನು ನಿರಾಕರಿಸುವುದು ಚರಿತ್ರೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಮಾರ್ಗ. ದಕ್ಷಿಣ ಆಫ್ರಿಕದ ಸರ್ಕಾರ ೧೯೫೩ರಲ್ಲಿ ಹಿಡಿದ ಮಾರ್ಗ ಇದಕ್ಕಿಂತ ಭಿನ್ನವಾದುದು. ಅದು ಆಫ್ರಿಕನ್ ಮಕ್ಕಳಿಗೆ ಶಾಲೆಯ ಬಾಗಿಲನ್ನು ಮುಚ್ಚಲಿಲ್ಲ. ಮೊದಲಿಗಿಂತ ಅಗಲವಾಗಿ ತೆರೆಯಿತು. ಆ ವರ್ಷ ಅಂಗೀಕೃತವಾದ ಬಂಟು ಶಿಕ್ಷಣ ಶಾಸನದ ಆಡಳಿತದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ೧೯೫೫ರಲ್ಲಿ ಸುಮಾರು ಹತ್ತು ಲಕ್ಷವಿದ್ದುದು ೧೯೭೫ರ ಹೊತ್ತಿಗೆ ಮೂವತ್ತೈದು ಲಕ್ಷವನ್ನು ಮೀರಿತು. ಆದರೂ ಆ ಶಾಸನವನ್ನು ಆ ನಾಡಿನ ಜನ ದಾಸ್ಯದ ಶಿಕ್ಷಣವೆಂದು ಕರೆದರು. ಅದರ ವಿರುದ್ಧ ಉಪಾಧ್ಯಾಯರು ಕೆಲಸ ಕಳೆದುಕೊಂಡರು, ಮಕ್ಕಳು ಪ್ರಾಣ ಕಳೆದುಕೊಂಡರು.

ಶಾಲೆಗಳು ಹೆಚ್ಚುತ್ತಿರುವಾಗಲೇ ವಿದ್ಯೆ ಕುಗ್ಗುವುದು ಹೇಗೆ ಸಾಧ್ಯ ಎಂಬುದೇ ಪ್ರಕೃತ ಲೇಖನದ ಪ್ರಶ್ನೆ. ಇದನ್ನು ಪರಿಶೀಲಿಸುವಾಗ ಗಮನಾರ್ಹವಾದ ಒಂದು ಸಂಗತಿ ನಮಗೆ ಎದುರಾಗುತ್ತದೆ. ಈ ನೀತಿಯ ಕರ್ತೃಗಳು ಮುಂದಿಟ್ಟ ತತ್ತ್ವಗಳು ಮುಖ್ಯವಾಗಿ ಮೂರು: ಶಿಕ್ಷಣದ ವಿಸ್ತರಣೆ, ಶಾಲಾಡಳಿತದಲ್ಲಿ ಪೋಷಕರ ಸಹಭಾಗ, ಮಾತೃಭಾಷೆಯಲ್ಲಿ ಬೋಧನೆ. ಈ ಮೂರನ್ನೂ ಯಾವ ಶಿಕ್ಷಣತಜ್ಞನೂ ತಾತ್ತ್ವಿಕವಾಗಿ ನಿರಾಕರಿಸಲಾರನು. ಇಂತಹ ತತ್ತ್ವಗಳೇ ಅಲ್ಲಿ ಸಂಕೋಲೆಗಳಾಗಿ ಪರಿಣಮಿಸಿದ ಬಗೆಯನ್ನು ತಿಳಿಯುವುದು ಶಿಕ್ಷಣದಲ್ಲಿ ಆಸಕ್ತರಾದ ಎಲ್ಲರಿಗೂ ಅವಶ್ಯಕ.

ಮೊದಲಿಗೆ ಪರಿಭಾಷೆಯನ್ನು ಕುರಿತು ಒಂದು ಮಾತು. 'ಬಂಟು' ಎಂಬುದು ಮೂಲತಃ ಭಾಷಾಶಾಸ್ತ್ರದ ಶಬ್ದ. ಮಧ್ಯ ಮತ್ತು ದಕ್ಷಿಣ ಆಫ್ರಿಕದ ಒಂದು ವಿಶಾಲ ಭಾಷಾವರ್ಗಕ್ಕೆ ಇಟ್ಟ ಹೆಸರು. ಸರ್ಕಾರವು ಅದನ್ನು ಜನರ ಹೆಸರಾಗಿ ಬಳಸಿತು. ಆ ಜನ ಅದನ್ನು ಅವಮಾನಕರವೆಂದು ಭಾವಿಸಿದರು. ಆದುದರಿಂದ ಈ ಲೇಖನದಲ್ಲಿ ಶಾಸನದ ಹೆಸರನ್ನು ಬಿಟ್ಟು ಉಳಿದೆಡೆ ಆಫ್ರಿಕನ್ನರು ಎಂಬ ಶಬ್ದವನ್ನೇ ಬಳಸಿದೆ.

೨

೧೯೫೩ಕ್ಕೆ ಮುಂಚೆ ಆಫ್ರಿಕನ್ನರ ವಿದ್ಯಾಭ್ಯಾಸ ಬಹುಮಟ್ಟಿಗೆ ಕ್ರೈಸ್ತ ಮಿಷನರಿಗಳ ಕೈಯಲ್ಲಿತ್ತು. ಸ್ಕಾಟ್ಲೆಂಡಿನ ಮಿಷನರಿಗಳು ೧೮೪೧ರಲ್ಲಿ ಕೇಪ್ ಪ್ರಾಂತದ ಲವ್‌ಡೇಲಿನಲ್ಲಿ ವಿದ್ಯಾಸಂಸ್ಥೆಯೊಂದನ್ನು ತೆರೆದರು. ಅದೇ ಪ್ರಾಂತದ ಹೀಲ್ಡ್‌ಟೌನ್, ನಟಾಲಿನ ಆಡಮ್ಸ್ ಕಾಲೇಜು, ಜೋಹಾನ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಶಾಲೆ ಇವು ಕಾಲಕ್ರಮದಲ್ಲಿ ಹೆಸರಾದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಡೂಬೆ ಅವರು ನಟಾಲಿನಲ್ಲಿ ಸ್ಥಾಪಿಸಿದ ಒಹ್ಲಾಂಗೆ ಸಂಸ್ಥೆ ಆಫ್ರಿಕನ್ನರೇ ನಡೆಸಿದ ಶಾಲೆಗಳಲ್ಲಿ ಪ್ರಮುಖವಾದುದು. ೧೯೧೬ರಲ್ಲಿ ಫೋರ್ಟ್ ಹೇರ್ ಕಾಲೇಜು ಆರಂಭವಾಯಿತು. ಝಡ್. ಕೆ. ಮ್ಯಾಥ್ಯೂಸ್, ಗೋವನ್ ಎಂಬೆಕಿ, ಆಲಿವರ್ ಟಾಂಬೊ, ನೆಲ್ಸನ್ ಮಂಡೇಲಾ, ರಾಬರ್ಟ್ ಸೊಬುಕ್ವೆ ಮೊದಲಾದವರು ಅಲ್ಲಿ ವ್ಯಾಸಂಗಮಾಡಿದವರು. ಆಲ್ಬರ್ಟ್ ಲುಥುಲಿ ಅವರು ಆಡಮ್ಸ್ ಕಾಲೇಜಿನಲ್ಲಿ ಕಲಿತು ಅಲ್ಲಿಯೇ ಬೋಧಿಸಿದವರು. ಆಫ್ರಿಕನ್ನರ ರಾಷ್ಟ್ರೀಯ ಚಳವಳಿಯ ಮುಂದಾಳುಗಳ ಒಂದು ಇಡೀ ತಲೆಮಾರು ಇಂತಹ ಕೆಲವೇ ಸಂಸ್ಥೆಗಳಿಂದ ಹೊರಬಂದಿತು.

ಹಾಗೆಂದು ಆ ವ್ಯವಸ್ಥೆಯನ್ನು ಅತಿಯಾಗಿ ಕೊಂಡಾಡಬೇಕಾಗಿಲ್ಲ. ಮೇಲೆ ಹೇಳಿದ ಸಂಸ್ಥೆಗಳು ಅಪವಾದಗಳು. ಬಹುಪಾಲು ಮಿಷನ್ ಶಾಲೆಗಳು ಇಗರ್ಜಿಯ ಕಟ್ಟಡದಲ್ಲಿ ಒಬ್ಬರೋ ಇಬ್ಬರೋ ಉಪಾಧ್ಯಾಯರನ್ನು ಇಟ್ಟುಕೊಂಡು ನಡೆಯುತ್ತಿದ್ದ ಬಡ ಪಾಠಶಾಲೆಗಳು. ಮಿಷನರಿಗಳಲ್ಲಿ ಅನೇಕರಿಗೆ ಆಫ್ರಿಕನ್ನರು ಮಕ್ಕಳಂತೆ. ಅವರನ್ನು ತಾವು ಕೈಹಿಡಿದು ನಡೆಸಬೇಕೆಂಬ ಭಾವನೆ ಬಲವಾಗಿತ್ತು. ಶಾಲೆಯ ಮುಖವನ್ನೇ ಕಾಣದ ಮಕ್ಕಳ ಸಂಖ್ಯೆ ದೊಡ್ಡದಾಗಿತ್ತು. ಬಿಳಿಯ ಮಕ್ಕಳಿಗೆ ವಿದ್ಯಾಭ್ಯಾಸ ಉಚಿತವೂ ಕಡ್ಡಾಯವೂ ಆಗಿದ್ದಾಗ ಆಫ್ರಿಕನ್ ಮಕ್ಕಳಿಗೆ ಅದು ಉಚಿತವೂ ಅಲ್ಲ, ಕಡ್ಡಾಯವೂ ಅಲ್ಲ. ೧೯೨೫ರ ಶಾಸನವು ಅವರ ಶಿಕ್ಷಣಕ್ಕೆ ಬೊಕ್ಕಸದಿಂದ ಸಲ್ಲುವ ಹಣವನ್ನು ವರ್ಷಕ್ಕೆ ೩,೪೦,೦೦೦ ಪೌಂಡುಗಳಿಗೆ ನಿಗದಿಮಾಡಿ, ಉಳಿದುದನ್ನು ಅವರದೇ ತೆರಿಗೆಯಿಂದ ಭರಿಸಬೇಕೆಂದು ವಿಧಿಸಿತ್ತು. ೧೯೪೫ರಲ್ಲಿ ಈ ಕಟ್ಟು ಸಡಿಲವಾಗಿ ವೆಚ್ಚವೆಲ್ಲ ಸಾಮಾನ್ಯ ಬೊಕ್ಕಸಕ್ಕೆ ಸೇರಿತು. ಮುಂದಿನ ಕೆಲವು ವರ್ಷಗಳಲ್ಲಿ ಸ್ಥಿತಿ ಸ್ವಲ್ಪ ಸುಧಾರಿಸುತ್ತಿತ್ತು. ಈ ಸುಧಾರಣೆಯ ನಡುವೆಯೇ ೧೯೪೮ರ ಚುನಾವಣೆ ಬಂದಿತು. ವರ್ಣಪ್ರತ್ಯೇಕತೆಯನ್ನು ಘೋಷಣೆಯಾಗಿ ಹಿಡಿದಿದ್ದ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದಿತು.

ಆ ಪಕ್ಷದ ಬೆನ್ನೆಲುಬಾಗಿದ್ದ ಆಫ್ರಿಕಾನರ್ ಜನರ ಪೂರ್ವಸ್ಮೃತಿಯನ್ನು ಇಲ್ಲಿ ನೆನೆಯುವುದು ಉಚಿತ. ಡಚ್ ಮೂಲದ ಈ ಜನ ೧೮೯೯ರಿಂದ ೧೯೦೨ರವರೆಗೆ ಬ್ರಿಟಿಷರೊಡನೆ ಹೋರಾಡಿ ಸೋತವರು. ಯುದ್ಧಾನಂತರ ಮಿಲ್ನರ್ ಪ್ರಭುವಿನ ಆಡಳಿತ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ಹೇರಿ ಅವರ ಮಕ್ಕಳನ್ನು ಆಂಗ್ಲೀಕರಿಸಲು ಯತ್ನಿಸಿತು. ಅದನ್ನು ಪ್ರತಿಭಟಿಸಿ ಅವರು ಚಂದಾ ಎತ್ತಿ ತಮ್ಮವೇ ಶಾಲೆಗಳನ್ನು ನಡೆಸಿದರು. ತಮ್ಮ ಮನೆಮಾತಾದ ಆಫ್ರಿಕಾನ್ಸಿಗೆ ೧೯೨೫ರಲ್ಲಿ ರಾಜಭಾಷೆಯ ಸ್ಥಾನವನ್ನು ದೊರಕಿಸಿಕೊಂಡರು. ಪರಭಾಷೆಯನ್ನು ಶಾಲೆಯ ಮೂಲಕ ಹೇರುವುದರ ನೋವನ್ನು ಇವರಷ್ಟು ಬಲ್ಲವರು ವಿರಳ. ಐವತ್ತು ವರ್ಷಗಳ ತರುವಾಯ ಅದೇ ನೋವನ್ನು ಇವರು ಬೇರೆಯವರ ಮಕ್ಕಳ ಮೇಲೆ ಹೇರಿದರೆಂಬುದು ಮುಂದೆ ಸ್ಪಷ್ಟವಾಗುತ್ತದೆ.

೩

ಹೊಸ ಸರ್ಕಾರವು ೧೯೪೯ರಲ್ಲಿ ಆಫ್ರಿಕನ್ನರ ಶಿಕ್ಷಣವನ್ನು ಪರಿಶೀಲಿಸಲು ಡಬ್ಲ್ಯು. ಡಬ್ಲ್ಯು. ಎಂ. ಐಸೆಲೆನ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಐಸೆಲೆನ್ ಅವರು ಮಿಷನರಿಯ ಮಗ, ಮಾನವಶಾಸ್ತ್ರಜ್ಞ, ಆಫ್ರಿಕನ್ ಭಾಷೆಗಳನ್ನು ಅಭ್ಯಾಸಮಾಡಿದವರು. ೧೯೫೧ರಲ್ಲಿ ಹೊರಬಂದ ಅವರ ವರದಿಯ ಆಧಾರಭಾವನೆಯೇನೆಂದರೆ, ಆಫ್ರಿಕನ್ನರದು ಪ್ರತ್ಯೇಕ ಸಂಸ್ಕೃತಿ, ಅವರ ಏಳಿಗೆ ಆ ಸಂಸ್ಕೃತಿಯ ಒಳಗೇ ನಡೆಯಬೇಕು, ಶಿಕ್ಷಣವು ಅದಕ್ಕೆ ಅನುಗುಣವಾಗಿರಬೇಕು ಎಂಬುದು. ಮಾತಿನಲ್ಲಿ ಇದು ಗೌರವದಂತೆ ತೋರುತ್ತದೆ. ಆದರೆ ಈ ಜನರ ದುಡಿಮೆಯಿಲ್ಲದೆ ಬಿಳಿಯರ ಗಣಿ, ಹೊಲ, ಕಾರ್ಖಾನೆಗಳು ಒಂದು ದಿನವೂ ನಡೆಯುತ್ತಿರಲಿಲ್ಲ. ದುಡಿಮೆಯಲ್ಲಿ ಒಂದಾಗಿ, ಹಕ್ಕಿನಲ್ಲಿ ಮಾತ್ರ ಬೇರೆಯಾಗಿ ಇರಬೇಕೆಂಬುದೇ ಪ್ರತ್ಯೇಕ ಸಂಸ್ಕೃತಿಯ ವಾದದ ವ್ಯಾವಹಾರಿಕ ಅರ್ಥ.

ಈ ಅರ್ಥವನ್ನು ಮುಚ್ಚುಮರೆಯಿಲ್ಲದೆ ಹೇಳಿದವರು ಆಗಿನ ಮೂಲನಿವಾಸಿ ವ್ಯವಹಾರಗಳ ಮಂತ್ರಿ ಹೆಂಡ್ರಿಕ್ ಫರ್ವೂರ್ಟ್ ಅವರು. ೧೯೫೪ರ ಜೂನ್ ತಿಂಗಳಲ್ಲಿ ಸೆನೆಟ್ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು, ಕೆಲವು ಬಗೆಯ ಕೂಲಿಯ ಮಟ್ಟಕ್ಕಿಂತ ಮೇಲೆ ಯೂರೋಪಿಯನ್ ಸಮಾಜದಲ್ಲಿ ಆಫ್ರಿಕನ್ನನಿಗೆ ಸ್ಥಾನವಿಲ್ಲವೆಂದೂ, ಹಿಂದಿನ ಶಾಲೆಗಳು ಅವನಿಗೆ ಮೇಯಲು ಅವಕಾಶವಿಲ್ಲದ ಹಸುರು ಹುಲ್ಲುಗಾವಲನ್ನು ತೋರಿಸಿ ದಾರಿ ತಪ್ಪಿಸಿದುವೆಂದೂ ವಾದಿಸಿದರು. ಬಳಸಲು ಎಡೆಯೇ ಇಲ್ಲದ ಗಣಿತವನ್ನು ಆಫ್ರಿಕನ್ ಮಗುವಿಗೆ ಕಲಿಸಿ ಪ್ರಯೋಜನವೇನೆಂಬ ಪ್ರಶ್ನೆಯನ್ನೂ ಅವರು ಎತ್ತಿದ್ದರು. ಮಗುವಿನ ಶಕ್ತಿಯನ್ನು ಅಳೆದು ಶಿಕ್ಷಣವನ್ನು ಗೊತ್ತುಮಾಡುವುದು ಒಂದು ಕ್ರಮ. ಮಗುವಿಗೆ ಕೊಡಲಿರುವ ಕೆಲಸವನ್ನು ಮೊದಲು ಗೊತ್ತುಮಾಡಿ, ಅದಕ್ಕೆ ಬೇಕಾದಷ್ಟನ್ನು ಮಾತ್ರ ಕಲಿಸುವುದು ಇನ್ನೊಂದು. ಬಂಟು ಶಿಕ್ಷಣ ಎರಡನೆಯ ಬಗೆಯದು.

೧೯೫೩ರ ೪೭ನೆಯ ಶಾಸನ ಆಫ್ರಿಕನ್ನರ ಶಾಲೆಗಳನ್ನು ಪ್ರಾಂತಗಳ ವಿದ್ಯಾ ಇಲಾಖೆಗಳಿಂದ ತೆಗೆದು ಕೇಂದ್ರದ ಮೂಲನಿವಾಸಿ ವ್ಯವಹಾರಗಳ ಇಲಾಖೆಗೆ ಒಪ್ಪಿಸಿತು. ಪ್ರತಿಯೊಂದು ಶಾಲೆಯೂ ನೋಂದಣಿಯಾಗತಕ್ಕದ್ದು. ನೋಂದಣಿಯಿಲ್ಲದೆ ಪಾಠ ಹೇಳುವುದು ಅಪರಾಧ. ಮಿಷನರಿಗಳ ಮುಂದೆ ಉಳಿದುದು ಮೂರು ದಾರಿ: ಶಾಲೆಯನ್ನು ಸರ್ಕಾರಕ್ಕೆ ಬಿಟ್ಟುಕೊಡುವುದು, ವರ್ಷವರ್ಷಕ್ಕೆ ಕಡಮೆಯಾಗಿ ೧೯೫೭ರ ಹೊತ್ತಿಗೆ ಪೂರ್ತಿಯಾಗಿ ನಿಲ್ಲುವ ಸಹಾಯಧನವನ್ನು ಒಪ್ಪಿ ತಾವೇ ನಡೆಸುವುದು, ಇಲ್ಲವೆ ಮುಚ್ಚುವುದು. ಬಹುಮಂದಿ ಬಿಟ್ಟುಕೊಟ್ಟರು. ರೋಮನ್ ಕ್ಯಾಥೊಲಿಕರು ಹಣ ಕೂಡಿಸಿ ತಮ್ಮ ಶಾಲೆಗಳಲ್ಲಿ ಹಲವನ್ನು ಉಳಿಸಿಕೊಂಡರು. ಜೋಹಾನ್ಸ್‌ಬರ್ಗಿನ ಆಂಗ್ಲಿಕನ್ ಬಿಷಪ್ ಆಂಬ್ರೋಸ್ ರೀವ್ಸ್ ಅವರು ಈ ನೀತಿಗೆ ಕೈಗೂಡಿಸುವುದಕ್ಕಿಂತ ಮುಚ್ಚುವುದೇ ಮೇಲೆಂದು ನಿರ್ಧರಿಸಿದರು. ಸೇಂಟ್ ಪೀಟರ್ಸ್ ಶಾಲೆಯೂ ಆಡಮ್ಸ್ ಕಾಲೇಜೂ ೧೯೫೬ರಲ್ಲಿ ಕೊನೆಗೊಂಡುವು. ಬಿಟ್ಟುಕೊಟ್ಟವರನ್ನು ಹಳಿಯುವುದು ಸುಲಭ. ಆದರೆ ಮುಚ್ಚಿದ ಶಾಲೆಯ ಮಕ್ಕಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಅಂದು ಯಾರಲ್ಲಿಯೂ ಸಮರ್ಪಕವಾದ ಉತ್ತರವಿರಲಿಲ್ಲ.

೪

ಮೇಲೆ ಹೇಳಿದ ಮೂರು ತತ್ತ್ವಗಳು ಕಾರ್ಯಗತವಾದ ಕ್ರಮವನ್ನು ಈಗ ಒಂದೊಂದಾಗಿ ನೋಡಬಹುದು.

ಮೊದಲನೆಯದು ವಿಸ್ತರಣೆ. ೧೯೫೫ರಿಂದ ಸಾಮಾನ್ಯ ಬೊಕ್ಕಸದ ವಂತಿಗೆಯನ್ನು ವರ್ಷಕ್ಕೆ ೬೫ ಲಕ್ಷ ಪೌಂಡುಗಳಿಗೆ ನಿಲ್ಲಿಸಲಾಯಿತು. ಅದಕ್ಕೆ ಮೇಲಾದ ವೆಚ್ಚ ಆಫ್ರಿಕನ್ನರೇ ಕೊಡುವ ತಲೆಗಂದಾಯದಿಂದ ಬರಬೇಕು. ಆ ಕಂದಾಯದ ಐದರಲ್ಲಿ ನಾಲ್ಕು ಪಾಲನ್ನು ಇದಕ್ಕಾಗಿ ತೆಗೆದಿರಿಸಿತು. ೧೯೪೫ರಲ್ಲಿ ಸಡಿಲಿಸಿದ್ದ ಕಟ್ಟನ್ನು ಹೀಗೆ ಪುನಃ ಬಿಗಿಯಲಾಯಿತು. ಮಕ್ಕಳ ಸಂಖ್ಯೆ ಏರುತ್ತಿದ್ದಂತೆ ಹಣ ಮಾತ್ರ ನಿಂತಲ್ಲಿಯೇ ನಿಂತಿತು. ಇದರ ಫಲವನ್ನು ಕೆಲವು ಅಂಕಿಗಳೇ ಹೇಳುತ್ತವೆ. ಅನಂತರ ಬಳಕೆಗೆ ಬಂದ ರ್‍ಯಾಂಡ್ ನಾಣ್ಯದಲ್ಲಿ ಲೆಕ್ಕಹಾಕಿದರೆ, ೧೯೫೩-೫೪ರಲ್ಲಿ ಒಬ್ಬ ಆಫ್ರಿಕನ್ ವಿದ್ಯಾರ್ಥಿಗೆ ಸುಮಾರು ೧೭ ರ್‍ಯಾಂಡೂ ಒಬ್ಬ ಬಿಳಿಯ ವಿದ್ಯಾರ್ಥಿಗೆ ಸುಮಾರು ೧೨೮ ರ್‍ಯಾಂಡೂ ವೆಚ್ಚವಾಗುತ್ತಿತ್ತು. ೧೯೬೦ರ ಸುಮಾರಿಗೆ ಆಫ್ರಿಕನ್ ವಿದ್ಯಾರ್ಥಿಯ ಪಾಲು ೧೨ ರ್‍ಯಾಂಡಿಗೆ ಇಳಿಯಿತು. ೧೯೬೯-೭೦ರಲ್ಲಿ ಅದು ಮತ್ತೆ ೧೭ಕ್ಕೆ ಬಂದು ಮುಟ್ಟುವ ಹೊತ್ತಿಗೆ ಬಿಳಿಯ ವಿದ್ಯಾರ್ಥಿಯ ಪಾಲು ೨೮೨ ರ್‍ಯಾಂಡಿಗೆ ಏರಿತ್ತು. ಬೆಲೆಗಳ ಏರಿಕೆಯನ್ನು ಗಣನೆಗೆ ತಂದರೆ ಹದಿನಾರು ವರ್ಷಗಳ ಬಳಿಕದ ೧೭ ಮೊದಲಿನ ೧೭ ಅಲ್ಲ.

ಇಷ್ಟು ಹಣದಲ್ಲಿ ಇಷ್ಟು ಮಕ್ಕಳಿಗೆ ಶಾಲೆ ನಡೆಸುವ ಉಪಾಯಗಳನ್ನು ಇಲಾಖೆ ಕಂಡುಕೊಂಡಿತು. ಮೊದಲ ಎರಡು ತರಗತಿಗಳಲ್ಲಿ ದಿನಕ್ಕೆ ಎರಡು ಪಾಳಿ. ಒಬ್ಬರೇ ಉಪಾಧ್ಯಾಯರು ಬೆಳಗ್ಗೆ ಒಂದು ತಂಡಕ್ಕೆ ಮೂರು ಗಂಟೆ, ತರುವಾಯ ಇನ್ನೊಂದು ತಂಡಕ್ಕೆ ಮೂರು ಗಂಟೆ ಪಾಠ ಹೇಳಬೇಕು. ೧೯೫೫ರಲ್ಲಿ ಉಪಾಧ್ಯಾಯರೊಬ್ಬರಿಗೆ ಸರಾಸರಿ ೪೬ ಮಕ್ಕಳಿದ್ದರೆ ೧೯೬೭ರಲ್ಲಿ ೫೮ ಆದರು. ಶಾಲೆಯಲ್ಲಿ ಮಕ್ಕಳಿಗೆ ನೀಡುತ್ತಿದ್ದ ಊಟಕ್ಕೆ ಸರ್ಕಾರದ ಹಣ ನಿಂತಿತು. ಕಸಗುಡಿಸುವವರ ಸಂಬಳ ಉಳಿಸಲು ಆ ಕೆಲಸವನ್ನು ಮಕ್ಕಳಿಗೆ ಒಪ್ಪಿಸಲಾಯಿತು. ಬಿಳಿಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತ. ಆಫ್ರಿಕನ್ ಮಕ್ಕಳು ಕೊಂಡುಕೊಳ್ಳಬೇಕು. ಹೀಗೆ ಶಾಲೆಗೆ ಬಂದವರಲ್ಲಿ ಬಹುಪಾಲು ಮಕ್ಕಳು ಮೊದಲ ನಾಲ್ಕು ವರ್ಷಗಳಲ್ಲಿಯೇ ಬಿಟ್ಟುಹೋಗುತ್ತಿದ್ದರು. ೧೯೬೦ರ ದಶಕದುದ್ದಕ್ಕೂ ಪ್ರೌಢಶಾಲೆಯಲ್ಲಿದ್ದವರು ಒಟ್ಟು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಐದಕ್ಕಿಂತ ಕಡಮೆ. ಅಕ್ಷರ ಬಲ್ಲ, ಅಪ್ಪಣೆಯನ್ನು ಓದಿಕೊಳ್ಳಬಲ್ಲ, ಅದಕ್ಕಿಂತ ಮೇಲಿನದನ್ನು ಬಯಸದ ದುಡಿಮೆಗಾರನನ್ನು ಸಿದ್ಧಪಡಿಸಲು ಇಷ್ಟು ಸಾಕಾಗಿತ್ತು. ಅಗಲವಾಗಿ, ತೆಳುವಾಗಿ, ಬಲುಬೇಗ ಮುಗಿಯುವಂತೆ ಹಬ್ಬಿದ ಶಿಕ್ಷಣ ಇದು.

ಎರಡನೆಯದು ಪೋಷಕರ ಸಹಭಾಗ. ಪ್ರತಿಯೊಂದು ಶಾಲೆಗೂ ಒಂದು ಸಮಿತಿ, ಹಲವು ಶಾಲೆಗಳಿಗೆ ಕೂಡಿ ಒಂದು ಮಂಡಲಿ ಏರ್ಪಟ್ಟುವು. ಮಿಷನರಿಗಳ ಕಾಲದಲ್ಲಿ ಇಲ್ಲದಿದ್ದ ಅಧಿಕಾರ ಈಗ ಆಫ್ರಿಕನ್ ತಂದೆತಾಯಿಗಳಿಗೆ ದೊರೆತಿದೆಯೆಂದು ಸರ್ಕಾರ ಹೇಳಿಕೊಂಡಿತು. ಆದರೆ ಸಮಿತಿಯ ಸದಸ್ಯರಲ್ಲಿ ಕೆಲವರನ್ನು ಮಾತ್ರ ಪೋಷಕರು ಆರಿಸಬಹುದಿತ್ತು. ಉಳಿದವರ ನೇಮಕ ಅಧಿಕಾರಿಗಳ ಕೈಯಲ್ಲಿ. ಪಠ್ಯಕ್ರಮ, ಪರೀಕ್ಷೆ, ಭಾಷೆ ಇವುಗಳಲ್ಲಿ ಯಾವುದನ್ನೂ ಅವರು ಮುಟ್ಟುವಂತಿರಲಿಲ್ಲ. ಕಟ್ಟಡಕ್ಕೆ ಹಣ ಕೂಡಿಸುವುದು ಅವರ ಹೊಣೆ. ಹೀಗೆ ಜನಕ್ಕೆ ದೊರೆತುದು ಭಾರವೇ ಹೊರತು ಅಧಿಕಾರವಲ್ಲ. ಇಪ್ಪತ್ತು ವರ್ಷಗಳ ತರುವಾಯ ಸೊವೆಟೊ ನಗರದ ಮೆಡೊಲ್ಯಾಂಡ್ಸ್ ಭಾಗದ ಶಾಲಾಮಂಡಲಿಯೊಂದು ನಿಜವಾಗಿ ತನ್ನ ಅಧಿಕಾರವನ್ನು ಚಲಾಯಿಸಲು ಹೊರಟು, ಸರ್ಕಾರ ವಿಧಿಸಿದ ಭಾಷೆಯ ಬದಲು ಇಂಗ್ಲಿಷಿನಲ್ಲಿ ಪಾಠ ಹೇಳಬೇಕೆಂದು ಉಪಾಧ್ಯಾಯರಿಗೆ ತಿಳಿಸಿತು. ೧೯೭೬ರ ಆರಂಭದಲ್ಲಿ ಅದರ ಇಬ್ಬರು ಸದಸ್ಯರನ್ನು ವಜಾಮಾಡಲಾಯಿತು, ಉಳಿದವರು ರಾಜೀನಾಮೆಯಿತ್ತರು.

ಮೂರನೆಯದು ಮಾತೃಭಾಷೆ. ಇದು ನಮಗೆ ಹೆಚ್ಚು ಹತ್ತಿರದ ವಿಷಯ. ಮಗುವಿಗೆ ಅದರ ಮನೆಮಾತಿನಲ್ಲಿ ಕಲಿಸಬೇಕೆಂಬುದು ಕನ್ನಡನಾಡಿನಲ್ಲಿ ಎಷ್ಟೋ ಕಾಲದಿಂದ ಪ್ರತಿಪಾದಿತವಾದ ಆದರ್ಶ. ದೇಶೀಯ ಭಾಷೆಗಳಲ್ಲಿ ಶಿಕ್ಷಣ ನೀಡುವುದನ್ನು ಸಮರ್ಥಿಸಿದ ಯುನೆಸ್ಕೊ ಸಂಸ್ಥೆಯ ಪ್ರಸಿದ್ಧ ವರದಿ ಪ್ರಕಟವಾದುದು ೧೯೫೩ರಲ್ಲಿಯೇ, ಎಂದರೆ ಬಂಟು ಶಿಕ್ಷಣ ಶಾಸನದ ವರ್ಷದಲ್ಲಿಯೇ. ಹಿಂದೆ ಆಫ್ರಿಕನ್ ಶಾಲೆಗಳಲ್ಲಿ ಮೊದಲ ಕೆಲವು ವರ್ಷ ಮಾತ್ರ ಇದ್ದ ಮನೆಮಾತಿನ ಬೋಧನೆಯನ್ನು ಹೊಸ ನೀತಿ ಪ್ರಾಥಮಿಕ ಹಂತದ ಎಂಟು ವರ್ಷಗಳಿಗೂ ವಿಸ್ತರಿಸಿತು. ಷೋಸ, ಜುಲು, ಸೋತೊ, ತ್ಸ್ವಾನ ಮುಂತಾದ ಭಾಷೆಗಳಲ್ಲಿ ಪಠ್ಯಪುಸ್ತಕಗಳು ಸಿದ್ಧವಾದುವು. ಪಾರಿಭಾಷಿಕ ಶಬ್ದಗಳನ್ನು ರೂಪಿಸಲು ಸಮಿತಿಗಳು ಏರ್ಪಟ್ಟುವು. ಈ ಕಾರ್ಯ ಭಾಷೆಯ ದೃಷ್ಟಿಯಿಂದ ನಿಷ್ಫಲವಾಯಿತೆನ್ನಲಾಗದು.

ಆದರೂ ಜನ ಇದನ್ನು ವಿರೋಧಿಸಿದುದೇಕೆ? ಕಾರಣ ಸ್ಪಷ್ಟವಾಗಿದೆ. ಆ ಭಾಷೆಗಳಲ್ಲಿ ಪ್ರಾಥಮಿಕ ಶಾಲೆಯಿತ್ತೇ ಹೊರತು ಪ್ರೌಢಶಾಲೆಯಿರಲಿಲ್ಲ, ಕಾಲೇಜು ಇರಲಿಲ್ಲ, ನ್ಯಾಯಾಲಯವಿರಲಿಲ್ಲ, ವೃತ್ತಿಯಿರಲಿಲ್ಲ. ಎಂಟು ವರ್ಷ ಮನೆಮಾತಿನಲ್ಲಿ ಕಲಿತ ಮಗು ಒಂಬತ್ತನೆಯ ವರ್ಷ ಒಮ್ಮೆಗೇ ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಎರಡರಲ್ಲಿಯೂ ಪಾಠ ಕೇಳಬೇಕೆಂಬುದು ಇಲಾಖೆಯ ನಿಯಮವಾಗಿತ್ತು. ಇದಲ್ಲದೆ, ಭಾಷೆಗೊಂದು ಶಾಲೆಯೆಂದು ಒಂದೇ ಬೀದಿಯ ಮಕ್ಕಳನ್ನು ಬುಡಕಟ್ಟಿನ ಪ್ರಕಾರ ಬೇರ್ಪಡಿಸುವುದೂ, ಅವರನ್ನು ತಾವು ಕಂಡರಿಯದ ದೂರದ ಮೀಸಲು ಪ್ರದೇಶಗಳ ಪ್ರಜೆಗಳೆಂದು ಎಣಿಸುವುದೂ ಇದರ ಜೊತೆಗೇ ನಡೆಯಿತು. ಭಾಷೆಯನ್ನು ಮೇಲಕ್ಕೆ ಕೊಂಡೊಯ್ಯದೆ ಮಗುವನ್ನು ಮಾತ್ರ ಭಾಷೆಯೊಳಗೆ ನಿಲ್ಲಿಸುವ ನೀತಿಗೆ ಮಾತೃಭಾಷಾಪ್ರೇಮವೆಂಬ ಹೆಸರು ಸಲ್ಲದು.

೫

ಪ್ರತಿಭಟನೆಯನ್ನು ಮೊದಲು ಆರಂಭಿಸಿದವರು ಉಪಾಧ್ಯಾಯರು. ಐಸೆಲೆನ್ ವರದಿಯನ್ನು ಬಹಿರಂಗವಾಗಿ ಟೀಕಿಸಿದುದಕ್ಕಾಗಿ ಓರ್ಲಾಂಡೊ ಪ್ರೌಢಶಾಲೆಯ ಮೂವರು ಉಪಾಧ್ಯಾಯರನ್ನು ೧೯೫೨ರಲ್ಲಿ ಕೆಲಸದಿಂದ ತೆಗೆಯಲಾಯಿತು. ಅವರಲ್ಲಿ ಒಬ್ಬರಾದ ಎಜೆಕಿಯೆಲ್ ಎಂಫಾಲೇಲೆ ಅವರು ಮುಂದೆ ದೇಶವನ್ನು ಬಿಟ್ಟು, ಆಫ್ರಿಕದ ಗಣ್ಯ ಸಾಹಿತಿಗಳಲ್ಲಿ ಒಬ್ಬರೆಂದು ಹೆಸರಾದರು.

ಸರ್ಕಾರ ಶಾಲೆಗಳನ್ನು ವಹಿಸಿಕೊಂಡ ೧೯೫೫ರ ಏಪ್ರಿಲ್ ತಿಂಗಳಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಬಹಿಷ್ಕಾರಕ್ಕೆ ಕರೆಯಿತ್ತಿತು. ಜೋಹಾನ್ಸ್‌ಬರ್ಗಿನ ಪೂರ್ವಕ್ಕಿರುವ ಬೆನೋನಿ, ಜರ್ಮಿಸ್ಟನ್, ಬ್ರಾಕ್‌ಪಾನ್ ಮುಂತಾದ ಗಣಿಪಟ್ಟಣಗಳಲ್ಲಿ ಸಾವಿರಾರು ಮಕ್ಕಳು ಶಾಲೆಯನ್ನು ತೊರೆದರು. ಗೊತ್ತಾದ ದಿನದೊಳಗೆ ಹಿಂದಿರುಗದ ಮಕ್ಕಳಿಗೆ ಶಾಲೆ ಶಾಶ್ವತವಾಗಿ ಮುಚ್ಚಲ್ಪಡುವುದೆಂದು ಮಂತ್ರಿಗಳು ಎಚ್ಚರಿಸಿದರು. ಸುಮಾರು ಏಳು ಸಾವಿರ ಮಕ್ಕಳು ಹೊರಗುಳಿದರು. ಇವರಿಗಾಗಿ 'ಸಾಂಸ್ಕೃತಿಕ ಸಂಘ'ಗಳೆಂಬ ಕೂಟಗಳು ಹುಟ್ಟಿದುವು. ನೋಂದಣಿಯಿಲ್ಲದ ಶಾಲೆ ಅಪರಾಧವಾದುದರಿಂದ ಅಲ್ಲಿ ಪಾಠವೆಂಬ ಹೆಸರಿಲ್ಲ; ಹಾಡು, ಕಥೆ, ಆಟಗಳ ಮರೆಯಲ್ಲಿ ಚರಿತ್ರೆ, ಭೂಗೋಳ, ಲೆಕ್ಕಗಳನ್ನು ಕಲಿಸಬೇಕು. ಪಾದ್ರಿ ಟ್ರೆವರ್ ಹಡಲ್‌ಸ್ಟನ್ ಮೊದಲಾದವರು ಇದಕ್ಕೆ ನೆರವಾದರು. ಆದರೆ ಹಣವೂ ಜನಬಲವೂ ಸಾಲದೆ ಕೆಲವು ವರ್ಷಗಳಲ್ಲಿ ಈ ಪ್ರಯತ್ನ ಕುಂದಿತು. ಹೊಲಗೆಲಸಕ್ಕೋ ಗಣಿಗೋ ಹೊರಟ ತಂದೆತಾಯಿಗಳಿಗೆ, ಕೆಟ್ಟ ಶಾಲೆಯಾದರೂ ಸರಿ, ಮಗುವನ್ನು ಬಿಡಲು ಒಂದು ಶಾಲೆ ಬೇಕಾಗಿತ್ತು. ಆ ಅಗತ್ಯವನ್ನು ಸರ್ಕಾರ ಚೆನ್ನಾಗಿ ಅರಿತಿತ್ತು.

ತರುವಾಯ ಪ್ರತ್ಯೇಕತೆಯ ತತ್ತ್ವ ಉಚ್ಚ ಶಿಕ್ಷಣಕ್ಕೂ ಹಬ್ಬಿತು. ವಿಶ್ವವಿದ್ಯಾಲಯ ಶಿಕ್ಷಣದ 'ವಿಸ್ತರಣೆ' ಎಂಬ ಹೆಸರಿನ ೧೯೫೯ರ ಶಾಸನವು ಕೇಪ್‌ಟೌನ್, ವಿಟ್‌ವಾಟರ್ಸ್‌ರ್‍ಯಾಂಡ್ ವಿಶ್ವವಿದ್ಯಾಲಯಗಳಿಗೆ ಬಿಳಿಯರಲ್ಲದವರು ಮಂತ್ರಿಯ ಅನುಮತಿಯಿಲ್ಲದೆ ಸೇರದಂತೆ ಮಾಡಿತು. ಜುಲು ಜನರಿಗೆ ಎನ್‌ಗೋಯೆಯಲ್ಲಿ, ಸೋತೊ, ವೆಂಡ, ತ್ಸೋಂಗ ಜನರಿಗೆ ಟರ್ಫ್‌ಲೂಪಿನಲ್ಲಿ, ಮಿಶ್ರವರ್ಣೀಯರಿಗೆ ಕೇಪ್‌ಟೌನಿನ ಬಳಿಯಲ್ಲಿ ಕಾಲೇಜುಗಳು ಏರ್ಪಟ್ಟುವು. ಫೋರ್ಟ್ ಹೇರನ್ನು ಷೋಸ ಜನರಿಗೆ ಮೀಸಲಿಟ್ಟು ಸರ್ಕಾರ ತನ್ನ ಹಿಡಿತಕ್ಕೆ ತಂದುಕೊಂಡಿತು. ಆ ಸಂಸ್ಥೆಯ ಮೊದಲ ಪದವೀಧರರಾಗಿದ್ದು ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಝಡ್. ಕೆ. ಮ್ಯಾಥ್ಯೂಸ್ ಅವರು ನಿವೃತ್ತಿವೇತನದ ಹಕ್ಕನ್ನೂ ತೊರೆದು ರಾಜೀನಾಮೆಯಿತ್ತರು.

ಭಾರತೀಯರೂ ಇದರಿಂದ ಹೊರಗುಳಿಯಲಿಲ್ಲ. ೧೮೬೦ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕರಾರುಕೂಲಿಗಳಾಗಿ ಹೋದವರ ಸಂತತಿಯವರು ತಾವೇ ಹಣ ಕೂಡಿಸಿ ಶಾಲೆಗಳನ್ನು ಕಟ್ಟಿಕೊಂಡಿದ್ದರು. ಭಾರತ ಸರ್ಕಾರದ ಮೊದಲ ಪ್ರತಿನಿಧಿಯಾಗಿ ಅಲ್ಲಿಗೆ ಹೋದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳ ಹೆಸರನ್ನು ಹೊತ್ತ ಡರ್ಬನ್ನಿನ ಶಾಸ್ತ್ರಿ ಕಾಲೇಜು ಇಂತಹ ಪ್ರಯತ್ನಗಳ ಫಲ. ೧೯೬೧ರಲ್ಲಿ ಡರ್ಬನ್ ಬಂದರಿನ ಸಾಲಿಸ್ಬರಿ ದ್ವೀಪದಲ್ಲಿ ಭಾರತೀಯರಿಗೆಂದೇ ಒಂದು ವಿಶ್ವವಿದ್ಯಾಲಯ ಕಾಲೇಜನ್ನು ತೆರೆದರು. ೧೯೬೩ರಲ್ಲಿ ಮಿಶ್ರವರ್ಣೀಯರಿಗೂ ೧೯೬೫ರಲ್ಲಿ ಭಾರತೀಯರಿಗೂ ಪ್ರತ್ಯೇಕ ಶಿಕ್ಷಣ ಶಾಸನಗಳಾದುವು. ಇವರ ಶಾಲೆಗಳಿಗೆ ಸಲ್ಲುತ್ತಿದ್ದ ಹಣ ಬಿಳಿಯರ ಶಾಲೆಗಳಿಗಿಂತ ಬಹಳ ಕಡಮೆ, ಆಫ್ರಿಕನ್ನರ ಶಾಲೆಗಳಿಗಿಂತ ಹೆಚ್ಚು. ಒಂದೊಂದು ಮೆಟ್ಟಿಲಿನವನೂ ತನ್ನ ಕೆಳಗಿನವನನ್ನು ನೋಡಿ ಸಮಾಧಾನ ತಾಳಲೆಂಬುದು ಈ ಶ್ರೇಣಿಯ ಪರಿಣಾಮವಾಗಿತ್ತು.

೬

ಇಷ್ಟೆಲ್ಲ ಎಚ್ಚರಿಕೆಯಿಂದ ಕಟ್ಟಿದ ವ್ಯವಸ್ಥೆ ಎರಡು ದಶಕಗಳಲ್ಲಿ ತನ್ನ ಶಾಲೆಗಳ ಒಳಗಿನಿಂದಲೇ ಬಿರುಕುಬಿಟ್ಟಿತು. ೧೯೬೦ರ ದಶಕದಲ್ಲಿ ನಗರಗಳಲ್ಲಿ ಆಫ್ರಿಕನ್ನರಿಗೆ ಹೊಸ ಪ್ರೌಢಶಾಲೆಗಳನ್ನು ಕಟ್ಟುವುದನ್ನು ತಡೆಹಿಡಿಯಲಾಗಿತ್ತು. ಓದಬೇಕೆನ್ನುವವರು ಮೀಸಲು ಪ್ರದೇಶಗಳಿಗೆ ಹೋಗಲೆಂಬುದು ಅದರ ಉದ್ದೇಶ. ಆದರೆ ಬೆಳೆಯುತ್ತಿದ್ದ ಕೈಗಾರಿಕೆಗಳಿಗೆ ಅರೆಕುಶಲ ಕೆಲಸಗಾರರ ಅಭಾವ ತಲೆದೋರಿತು. ೧೯೭೨ರ ಸುಮಾರಿಗೆ ಹಣದ ಕಟ್ಟನ್ನು ಸಡಿಲಿಸಿ ನಗರಗಳಲ್ಲಿ ಪ್ರೌಢಶಾಲೆಗಳನ್ನು ಹೆಚ್ಚಿಸಬೇಕಾಯಿತು. ಕೆಳಗಿನ ಮಟ್ಟದಲ್ಲಿಯೇ ನಿಲ್ಲಬೇಕೆಂದು ವಿಧಿಸಲ್ಪಟ್ಟಿದ್ದ ಮಕ್ಕಳ ಒಂದು ದೊಡ್ಡ ಸಮೂಹ ಹೀಗೆ ಮೇಲಿನ ತರಗತಿಗಳಿಗೆ ಬಂದಿತು.

ಇದೇ ಸಮಯದಲ್ಲಿ ಪ್ರತ್ಯೇಕ ಕಾಲೇಜುಗಳಲ್ಲಿಯೂ ಅನಿರೀಕ್ಷಿತ ಬೆಳವಣಿಗೆಯೊಂದು ನಡೆದಿತ್ತು. ಬುಡಕಟ್ಟಿನ ಅಭಿಮಾನವನ್ನು ಬೆಳೆಸಲೆಂದು ಸ್ಥಾಪಿಸಿದ ಆ ಕಾಲೇಜುಗಳಲ್ಲಿ ಸ್ಟೀವ್ ಬೀಕೊ ಮತ್ತು ಅವರ ಸಂಗಡಿಗರು ಕಟ್ಟಿದ ವಿದ್ಯಾರ್ಥಿ ಸಂಘ ಬೇರೂರಿತು. ಎಲ್ಲ ಬುಡಕಟ್ಟುಗಳನ್ನೂ ಮೀರಿದ ಕಪ್ಪು ಜನರ ಆತ್ಮಗೌರವವನ್ನು ಅದು ಸಾರಿತು. ೧೯೭೨ರಲ್ಲಿ ಟರ್ಫ್‌ಲೂಪಿನ ಪದವೀದಾನ ಸಮಾರಂಭದಲ್ಲಿ ವಿದ್ಯಾರ್ಥಿ ನಾಯಕ ಒಂಕೊಪೊತ್ಸೆ ತಿರೊ ಅವರು ಬಂಟು ಶಿಕ್ಷಣವನ್ನು ವೇದಿಕೆಯ ಮೇಲಿಂದಲೇ ಖಂಡಿಸಿದರು. ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಹೊರಬಿದ್ದ ತಿರೊ ಅವರು ಸೊವೆಟೊದ ಮಾರಿಸ್ ಐಸಾಕ್ಸನ್ ಪ್ರೌಢಶಾಲೆಯಲ್ಲಿ ಕೆಲಕಾಲ ಚರಿತ್ರೆಯ ಉಪಾಧ್ಯಾಯರಾಗಿದ್ದರು. ೧೯೭೪ರಲ್ಲಿ ನೆರೆಯ ಬೋಟ್ಸ್‌ವಾನದಲ್ಲಿ ಅಂಚೆಯಲ್ಲಿ ಬಂದ ಬಾಂಬಿಗೆ ಅವರು ಬಲಿಯಾದರು. ಅವರ ಶಿಷ್ಯರಲ್ಲಿ ಒಬ್ಬರು ತ್ಸಿಯೆತ್ಸಿ ಮಾಶಿನಿನಿ. ೧೯೭೬ರ ಮೆರವಣಿಗೆಯ ಮುಂದಾಳು. ಬಹಿಷ್ಕೃತ ವಿದ್ಯಾರ್ಥಿಯೊಬ್ಬನು ಚರಿತ್ರೆಯ ಪಾಠ ಹೇಳುವ ತರಗತಿಯಲ್ಲಿ ಯಾವ ಪಠ್ಯಕ್ರಮ ನಡೆಯುವುದೆಂಬುದನ್ನು ಇಲಾಖೆ ನಿರ್ಧರಿಸಲಾರದೆ ಹೋಯಿತು.

೧೯೭೪ರಲ್ಲಿ ಹೊರಟ ಆಜ್ಞೆಯೊಂದು ಗಣಿತವನ್ನೂ ಸಮಾಜ ವಿಷಯಗಳನ್ನೂ ಆಫ್ರಿಕಾನ್ಸಿನಲ್ಲಿಯೇ ಬೋಧಿಸಬೇಕೆಂದು ವಿಧಿಸಿತು. ಅನೇಕ ಉಪಾಧ್ಯಾಯರಿಗೇ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಇದರ ಜೊತೆಗೆ ಪ್ರಾಥಮಿಕ ಹಂತದಿಂದ ಒಂದು ವರ್ಷವನ್ನು ಕಳೆದುದರಿಂದ ೧೯೭೬ರಲ್ಲಿ ಎರಡು ವರ್ಷಗಳ ಮಕ್ಕಳು ಒಮ್ಮೆಗೇ ಪ್ರೌಢಶಾಲೆಗಳನ್ನು ತುಂಬಿದರು. ಮೇ ತಿಂಗಳಲ್ಲಿ ಓರ್ಲಾಂಡೊ ವೆಸ್ಟ್ ಶಾಲೆಯ ಮಕ್ಕಳು ತರಗತಿಗಳನ್ನು ಬಿಟ್ಟು ಹೊರಬಂದರು. ಜೂನ್ ೧೬ರಂದು ಸಾವಿರಾರು ವಿದ್ಯಾರ್ಥಿಗಳು ಸೊವೆಟೊದ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಮೊದಲು ಮಡಿದವರಲ್ಲಿ ಹನ್ನೆರಡು ವರ್ಷದ ಹೆಕ್ಟರ್ ಪೀಟರ್ಸನ್, ಹದಿನೈದು ವರ್ಷದ ಹೇಸ್ಟಿಂಗ್ಸ್ ಎನ್‌ಡ್ಲೋವು ಸೇರಿದ್ದರು. ಮಡಿದ ಬಾಲಕನನ್ನು ಎತ್ತಿಕೊಂಡು ಓಡುತ್ತಿರುವ ತರುಣನ ಛಾಯಾಚಿತ್ರವನ್ನು ಸ್ಯಾಮ್ ಎನ್‌ಜಿಮ ಅವರು ತೆಗೆದರು. ಜಗತ್ತು ಅದನ್ನು ಮರೆಯಲಿಲ್ಲ. ದೇಶಾದ್ಯಂತ ಹಬ್ಬಿದ ಗಲಭೆಗಳಲ್ಲಿ ಮುಂದಿನ ಎಂಟು ತಿಂಗಳಲ್ಲಿ ಸತ್ತವರು ೫೭೫ ಮಂದಿಯೆಂದು ಸರ್ಕಾರಿ ವಿಚಾರಣಾ ಆಯೋಗವೇ ಎಣಿಸಿತು. ಭಾಷೆಯ ಆಜ್ಞೆಯನ್ನು ಅದೇ ವರ್ಷದ ಜುಲೈ ತಿಂಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. ಆದರೆ ಆ ವೇಳೆಗೆ ಪ್ರಶ್ನೆ ಭಾಷೆಯೊಂದರದೇ ಆಗಿ ಉಳಿದಿರಲಿಲ್ಲ.

೭

೧೯೭೯ರಲ್ಲಿ ಬಂಟು ಶಿಕ್ಷಣ ಶಾಸನ ರದ್ದಾಗಿ ಅದರ ಸ್ಥಾನದಲ್ಲಿ ಇನ್ನೊಂದು ಶಾಸನ ಬಂದಿತು. ಹೆಸರು ಬದಲಾಯಿತು, ಪ್ರತ್ಯೇಕತೆ ಉಳಿಯಿತು. ೧೯೯೪ರಲ್ಲಿ ಎಲ್ಲ ಪ್ರಜೆಗಳಿಗೂ ಮತದಾನದ ಹಕ್ಕು ದೊರೆತು ಹೊಸ ಸರ್ಕಾರ ಏರ್ಪಟ್ಟಿತು. ವರ್ಣವರ್ಣಕ್ಕೊಂದಾಗಿದ್ದ ಹಲವಾರು ವಿದ್ಯಾ ಇಲಾಖೆಗಳನ್ನು ಒಂದುಗೂಡಿಸಿ, ೧೯೯೬ರ ಶಾಲಾ ಶಾಸನವು ವರ್ಣಭೇದವನ್ನು ನಿಷೇಧಿಸಿತು.

ಶಾಸನವನ್ನು ಒಂದು ದಿನದಲ್ಲಿ ತೆಗೆಯಬಹುದು. ಅದರ ಫಲ ಹಾಗೆ ಹೋಗುವುದಿಲ್ಲ. ಗಣಿತವನ್ನು ಸರಿಯಾಗಿ ಕಲಿಯದ ಮಗು ಬೆಳೆದು ಉಪಾಧ್ಯಾಯನಾಗಿ, ತಾನು ಕಲಿತಷ್ಟನ್ನೇ ಮುಂದಿನ ಮಗುವಿಗೆ ಕಲಿಸುತ್ತದೆ. ದಶಕಗಳ ಕಾಲ ಆಫ್ರಿಕನ್ ಶಾಲೆಗಳ ಬಹುಪಾಲು ಉಪಾಧ್ಯಾಯರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವರಾಗಿರಲಿಲ್ಲ. ಗಣಿತದಿಂದ ಪ್ರಯೋಜನವೇನೆಂದು ೧೯೫೩ರಲ್ಲಿ ಕೇಳಿದ ಪ್ರಶ್ನೆಯ ಬೆಲೆಯನ್ನು ಆ ನಾಡು ಇಂದಿಗೂ ತೆರುತ್ತಿದೆ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದುಂಟು. ೧೯೯೬ರ ಸಂವಿಧಾನ ಒಂಬತ್ತು ಆಫ್ರಿಕನ್ ಭಾಷೆಗಳಿಗೆ ಇಂಗ್ಲಿಷ್ ಮತ್ತು ಆಫ್ರಿಕಾನ್ಸ್‌ಗಳೊಡನೆ ಸಮಾನಸ್ಥಾನವನ್ನಿತ್ತಿತು. ಆದರೂ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸುವುದೆಂದರೆ ತಂದೆತಾಯಿಗಳಲ್ಲಿ ಅನೇಕರಿಗೆ ಹಳೆಯ ಶಾಲೆಯ ನೆನಪು ಬರುತ್ತದೆ. ಇದು ನಮ್ಮನ್ನು ಕೆಳಗಿರಿಸುವ ಉಪಾಯವೆಂಬ ಶಂಕೆ ಮೂಡುತ್ತದೆ. ೨೦೨೫ರಿಂದ ನಾಲ್ಕನೆಯ ತರಗತಿಯಲ್ಲಿ ಮಾತೃಭಾಷೆಯನ್ನು ಆಧರಿಸಿದ ದ್ವಿಭಾಷಾ ಬೋಧನೆಯನ್ನು ಹಂತಹಂತವಾಗಿ ತರಲು ಹೊರಟ ಸರ್ಕಾರ ಎದುರಿಸಬೇಕಾದ ಮೊದಲ ತೊಡಕು ಈ ಶಂಕೆಯೇ. ಒಳ್ಳೆಯ ತತ್ತ್ವವನ್ನು ಕೆಟ್ಟ ಉದ್ದೇಶಕ್ಕೆ ಬಳಸಿದವರು ತಮ್ಮ ಕಾಲದ ಮಕ್ಕಳಿಗೆ ಮಾತ್ರವಲ್ಲ, ಆ ತತ್ತ್ವಕ್ಕೂ ಅನ್ಯಾಯ ಮಾಡಿ ಹೋಗುತ್ತಾರೆ.

ಮೇಲ್ಕಂಡ ವಿವೇಚನೆಯಿಂದ ತಿಳಿದುಬರುವುದಿಷ್ಟು. ಶಾಲೆಗಳ ಸಂಖ್ಯೆ, ಸಮಿತಿಗಳ ಹೆಸರು, ಬೋಧನೆಯ ಭಾಷೆ ಇವು ಯಾವುವೂ ತಮ್ಮಷ್ಟಕ್ಕೆ ಒಂದು ಶಿಕ್ಷಣಪದ್ಧತಿಯನ್ನು ಒಳ್ಳೆಯದೆಂದು ಸ್ಥಾಪಿಸಲಾರವು. ಎರಡು ಪ್ರಶ್ನೆಗಳನ್ನು ಅವುಗಳ ಜೊತೆಗೇ ಕೇಳಬೇಕಾಗುತ್ತದೆ: ಈ ಶಾಲೆಯ ಕೊನೆಯ ಮೆಟ್ಟಿಲನ್ನು ಹತ್ತಿದ ಮಗುವಿಗೆ ಮುಂದೆ ಬಾಗಿಲು ತೆರೆದಿದೆಯೆ? ಆ ಮೆಟ್ಟಿಲು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವಾಗ ಆ ಮಗುವಿನ ಜನ ಸಭೆಯಲ್ಲಿದ್ದರೆ? ದಕ್ಷಿಣ ಆಫ್ರಿಕದಲ್ಲಿ ಈ ಎರಡಕ್ಕೂ ಉತ್ತರ ಇಲ್ಲವೆಂದಾಗಿತ್ತು. ಅದನ್ನು ಮೊದಲು ಹೇಳಿದವರು ಕೆಲಸ ಕಳೆದುಕೊಂಡ ಉಪಾಧ್ಯಾಯರು. ಕೊನೆಗೆ ಎಲ್ಲರೂ ಕೇಳುವಂತೆ ಹೇಳಿದವರು ಆ ಶಾಲೆಗಳಲ್ಲಿಯೇ ಓದಿದ ಮಕ್ಕಳು.